ಜೂನಿಗೆ ಹೋಗಿ ಕೂತ ಹಾಲು

ತಗಡಿನ ಛಾವಣಿಗಳಿಂದ ಎಗರಿದ ಬಿಸಿಲು ಕಿಟಕಿಯೊಳಗೆ ನುಗ್ಗಿ ಫೋನಿನ ಗಾಜಿನ ಮೇಲೆ ಮೀನಿನಂತೆ ಒಮ್ಮೆ ಹೊರಳಿತು, ಹೊರಳುವಷ್ಟು ಹೊತ್ತು ತಾರೀಖು ಮಾಯ, ಆಮೇಲೆ ಮತ್ತೆ ಬಂತು, ಮೇಲುಗಡೆ 05/06, ಅದರ ಕೆಳಗೆ ಕ್ಯಾಲೆಂಡರಿನೊಳಗೆ 06.05, ಅದಕ್ಕೂ ಕೆಳಗೆ ಇಸವಿಯನ್ನು ಮುಂಡಾಸಿನಂತೆ ತಲೆಗೆ ಸುತ್ತಿಕೊಂಡ ಮೂರನೆಯದು — ಒಂದು ಬಡಪಾಯಿ ಬುಧವಾರಕ್ಕೆ, ಮೇ ತಿಂಗಳ ಆರನೇ ತಾರೀಖಿಗೆ, ಮೂರು ವೇಷ, ನೋಡಿದವರು ಇದೇನು ಫೋನೋ ನಾಟಕದ ಕಂಪನಿಯೋ ಅನ್ನಬೇಕು. ಪೀಣ್ಯ ಹಿಂದಕ್ಕೆ ಸರಿಯುತ್ತಿದೆ, ಶೆಡ್ಡುಗಳು, ಶೆಡ್ಡಿನ ಮೇಲಿನ ಕಪ್ಪು ಟ್ಯಾಂಕುಗಳು, ಹಗ್ಗಕ್ಕೆ ಜೋತುಬಿದ್ದ ನೀಲಿ ಅಂಗಿಗಳು, ಮೆಟ್ರೋದ ತಂಪಿನೊಳಗಿಂದ ನೋಡಿದರೆ ಎಲ್ಲವೂ ನೀರಿನ ತಳದಲ್ಲಿ ಇದ್ದ ಹಾಗೆ, ಬೆಳಗಿನ ಜಾವ ಲಾರಿ ಕಳಿಸಿ ಅರ್ಧ ದಿನ ಬಿಡುವು ಗಿಟ್ಟಿಸಿದ ಕಣ್ಣಿಗೆ ಇನ್ನೂ ಹಾಗೆ. ನಾನು ಸಂಗಮೇಶ, ಮಾಲು ಕಳಿಸುವ ಡಿಸ್‌ಪ್ಯಾಚಿನವನು, ನನ್ನ ಕೈ ಸೋಕದೆ ನಮ್ಮ ಕಾರ್ಖಾನೆಯಿಂದ ಒಂದು ಗೇರ್ ಚಕ್ರವೂ ಹೊರಗೆ ಹೋಗುವುದಿಲ್ಲ, ನಾನು ಒಂದು ದಿನ ಮೈಗೆ ಹುಷಾರಿಲ್ಲ ಅಂತ ಮಲಗಿದರೆ ಜರ್ಮನಿಯಲ್ಲಿ ಟ್ರಾಕ್ಟರುಗಳು ಹೊಲದ ನಡುವೆ ನಿಂತು ನನ್ನ ಹೆಸರು ಹಿಡಿದು ಕೂಗುತ್ತವೆ, ಅಮೆರಿಕದವನಿಗೆ ತಿಂಗಳು ಮೊದಲು, ಜರ್ಮನಿಯವನಿಗೆ ದಿನ ಮೊದಲು ನಡುವೆ ಚುಕ್ಕಿ, ಜಪಾನಿನವನಿಗೆ ಇಸವಿ ಮೊದಲು, ಮೂವರಿಗೂ ಬರೆದು ಬರೆದು ನನ್ನ ಬೆರಳುಗಳಿಗೆ ಮೂರು ದೇಶದ ಪೌರತ್ವ ಸಿಕ್ಕಿದೆ, ಮನೆಯ ವಿಷಯ ಬರೆಯುವಾಗಲೂ ಯಾವ ಬೆರಳು ಮುಂದೆ ಬಂತೋ ಆ ದೇಶದ ರೀತಿ, ಫೋನನ್ನಂತೂ ಅಮೆರಿಕದ ಪದ್ಧತಿಗೇ ಇಟ್ಟುಬಿಟ್ಟಿದ್ದೇನೆ, ದೊಡ್ಡ ಗಿರಾಕಿ, ಮರ್ಯಾದೆ ಬೇಡವೇ. ಇವತ್ತು ಸರಿಮಾಡುತ್ತೇನೆ, ಚಿಕ್ಕಪೇಟೆ ಬರುವುದರೊಳಗೆ ಇಡೀ ವರ್ಷವನ್ನು ಒಂದೇ ಸಾಲಿಗೆ ನಿಲ್ಲಿಸುತ್ತೇನೆ, ಚಿಕ್ಕಪೇಟೆಯಲ್ಲಿ ಇಳಿದು ಹಿತ್ತಾಳೆ ಪಾತ್ರೆ ಕೊಳ್ಳಬೇಕು, ಸಣ್ಣಪುಟ್ಟದ್ದಲ್ಲ, ಅದರಲ್ಲಿ ಹಾಲು ಉಕ್ಕಿದರೆ ಹೊಸೂರು ರಸ್ತೆಯವರೆಗೆ ನೊರೆ ಕಾಣಬೇಕು, ಶುಕ್ರವಾರ, ನಾಡಿದ್ದು, ಚಂದಾಪುರದ ಬಾಡಿಗೆ ಮನೆಗೆ ನಾವಿಬ್ಬರೂ ಕಾಲಿಡುವ ದಿನ.

ಪಕ್ಕದ ಹಿರಿಯರು ಗೊರಗುಂಟೆಪಾಳ್ಯ ದಾಟುವ ಹೊತ್ತಿಗೇ ನಿದ್ದೆಹೋಗಿ ತಲೆಯನ್ನು ನನ್ನ ಹೆಗಲಿಗೆ ಒಪ್ಪಿಸಿದ್ದಾರೆ, ಒಪ್ಪಿಸಲಿ, ಈ ಹೆಗಲ ಮೇಲೆ ಹತ್ತು ಟನ್ನಿನ ಜವಾಬ್ದಾರಿ ಮಲಗಿ ಎದ್ದಿದೆ, ತಲೆ ಯಾವ ಲೆಕ್ಕ, ಅವರ ಉಸಿರಿನ ಏರಿಳಿತಕ್ಕೆ ನನ್ನ ಕಣ್ಣೂ ತೂಗುತ್ತಿದೆ. ತಾರೀಖು ಅನ್ನುವುದು ಏನು ಎಂದು ಜನಕ್ಕೆ ಗೊತ್ತಿಲ್ಲ, ತಾರೀಖು ಅನ್ನುವುದು ರಬ್ಬರ್ ಬೆಲ್ಟು, ಒಳಗೆ ಮಷಿನ್ ಮೇಲಿನವರಿಗೆ ಎರಡು ದಿನ ಹಿಂದಿನದು ಹೇಳಬೇಕು, ಹೊರಗೆ ಗಿರಾಕಿಗೆ ಎರಡು ದಿನ ಮುಂದಿನದು ಹೇಳಬೇಕು, ನಡುವೆ ಉಳಿಯುವ ನಾಲ್ಕು ದಿನ ಇದೆಯಲ್ಲ ಅದು ನನ್ನ ಸಂಸ್ಥಾನ, ಅಲ್ಲಿ ನಾನೇ ರಾಜ, ಸೂರ್ಯ ನನ್ನ ಕೇಳಿ ಮುಳುಗುತ್ತಾನೆ. ನಿಜವಾದ ತಾರೀಖನ್ನು ಬಾಯಿಬಿಟ್ಟು ಹೇಳುವವನು ನಮ್ಮ ಕಸುಬಿನಲ್ಲಿ ಮೂರು ತಿಂಗಳೂ ಬಾಳುವುದಿಲ್ಲ. ಇದನ್ನೆಲ್ಲ ಶೈಲಜಾಗೆ ಮದುವೆಯಾದ ಹೊಸದರಲ್ಲೇ ವಿವರಿಸಿದ್ದೆ, ರಾಣೆಬೆನ್ನೂರಿನ ಹುಡುಗಿ, ಕಣ್ಣರಳಿಸಿ ಕೇಳಿದಳು, ಕೇಳಿ ಕಲಿತುಬಿಟ್ಟಳು, ತನ್ನ ಬಸುರಿ ತಂಗಿಯ ಕುಬುಸದ ಕಾರ್ಯಕ್ಕೆ ನನಗೆ ಎರಡು ದಿನ ಮೊದಲಿನ ತಾರೀಖು ಕೊಟ್ಟಳು, ನಾನು ಒಂದು ದಿನ ತಡವಾಗಿ ಹೋದೆ, ಅಲ್ಲಿ ಇನ್ನೂ ಚಪ್ಪರವೇ ಹಾಕಿರಲಿಲ್ಲ, ಬರ್ರಿ ಬರ್ರಿ, ಇವತ್ತರ ಹೊತ್ತಿಗೆ ಸರಿಯಾಗಿ ಬಂದೀರಿ ಅಂದಳು, ಅವಳ ಅತ್ತಿಗೆ ನಾದಿನಿಯರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವಳ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬೋರ್ಡು ಜೋಡಿಸುವ ಲೈನು, ಇರುವುದು ಚಂದಾಪುರದ ಹೆಣ್ಣುಮಕ್ಕಳ ಪೀಜಿಯಲ್ಲಿ, ನಾನು ಜಾಲಹಳ್ಳಿ ಕ್ರಾಸಿನ ಒಂದು ಕೋಣೆಯಲ್ಲಿ, ಅವಳ ವಾರದ ರಜೆ ಸುತ್ತುತ್ತಾ ಸುತ್ತುತ್ತಾ ನನ್ನ ಭಾನುವಾರದ ಮೇಲೆ ಬಂದು ಬಿದ್ದರೆ ಅವತ್ತು ನಮ್ಮ ಸಂಸಾರ, ಇಡೀ ಬೆಂಗಳೂರನ್ನು ನಡುವೆ ಮಲಗಿಸಿಕೊಂಡು ಸಂಸಾರ ಮಾಡಿದವರು ಭೂಮಿಯ ಮೇಲೆ ನಾವಿಬ್ಬರೇ. ಈಗ ಅವಳ ಕಡೆಗೂ ಮೆಟ್ರೋ ಬಂದಿದೆ, ಒಂದೇ ಮನೆ ಮಾಡೋಣ ಅಂದಳು, ಮಾಡಿದೆವು, ಅಂದರೆ ಮಾಡಲು ಹೋದೆವು, ಮೊದಲನೆಯ ಮನೆಗೆ ನಾನು ಹೊತ್ತಿಗೆ ಹೋಗಲಿಲ್ಲ, ಮಾಲೀಕ ಬೇರೆಯವರಿಗೆ ಕೊಟ್ಟ, ಎರಡನೆಯ ಮನೆಗೆ ಮರುದಿನ ಹೋದೆ, ಅಷ್ಟರಲ್ಲಿ ಅಲ್ಲಿ ಬೇರೆ ಯಾರದೋ ಪರದೆ ಹಾರುತ್ತಿತ್ತು, ಹಳದಿ ಹೂವಿನ ಪರದೆ. ಮೂರನೆಯದು ನಲ್ಲಪ್ಪನವರ ಮನೆ, ಕೆಳಗಿನ ಅಂತಸ್ತು. ಈ ಸಲ ನಾ ನೆನಪು ಮಾಡಂಗಿಲ್ಲ ನೋಡ್ರಿ, ಅಂದಳು ಶೈಲಾ ಫೋನಿನಲ್ಲಿ, ಆರನೇ ತಾರೀಖು, ಬುಧವಾರ, ಒಮ್ಮೆ ಹೇಳೇನಿ, ನೀವು ಬರಲಿಲ್ಲಂದ್ರ ನಾ ಒಬ್ಬಾಕಿನ ಹಾಲು ಉಕ್ಕಸ್ತೀನಿ, ಆ ಮನ್ಯಾಗ ನಾ ಒಬ್ಬಾಕಿನ ಇರ್ತೀನಿ, ನೀವು ಪೀಣ್ಯಾದಾಗ ನಿಮ್ಮ ಲಾರಿ ಜೋಡಿ ಸಂಸಾರ ಮಾಡ್ರಿ. ದನಿ ಏರಿಸಲಿಲ್ಲ, ಅದೇ ಒಂದು ಸ್ವಲ್ಪ ಹೆದರಿಕೆ, ಅವಳು ದನಿ ಏರಿಸದೆ ಹೇಳಿದ್ದನ್ನು ಮಾಡದೆ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ನಾನು ಯಾರು, ನನ್ನ ಹತ್ತಿರವೇ ನನ್ನ ವಿದ್ಯೆಯೇ, ಬುಧವಾರ ಅಂದರೆ ಅದರಲ್ಲಿ ಎರಡು ದಿನ ಹೊಟ್ಟೆಯೊಳಗೆ ಇಟ್ಟಿದ್ದಾಳೆ, ನಿಜವಾದದ್ದು ಶುಕ್ರವಾರ, ಮೀಸೆಯ ಕೆಳಗೆ ನಕ್ಕು 08.05 ಹಾಲು ಅಂತ ಜರ್ಮನಿಯ ಬೆರಳಿನಿಂದ ಬರೆದು ಫೋನು ಜೇಬಿಗಿಟ್ಟೆ.

ಯಶವಂತಪುರ. ಬಾಗಿಲು ತೆರೆಯಿತು, ಸೆಕೆಯ ಒಂದು ತುಂಡು ಒಳಗೆ ಬಂತು, ಮಲ್ಲಿಗೆ ವಾಸನೆ ಬಂತು, ಬಾಗಿಲು ಮುಚ್ಚಿತು. ದಿನ ಮೊದಲು, ತಿಂಗಳು ಆಮೇಲೆ, ಎಂದು ಒತ್ತಿದೆ, ಮೇಲಿನ ಪಟ್ಟಿ ಹೊರಳಿ ಸರಿಹೋಯಿತು, ಅಮೆರಿಕ ಶರಣಾಗತಿ, ಆದರೆ ನಾನೇ ಕೈಯಾರೆ ಬರೆದವು ತಾವಾಗಿ ತಿದ್ದಿಕೊಳ್ಳುವುದಿಲ್ಲ, ಅವನ್ನು ಒಂದೊಂದಾಗಿ ಕಿವಿ ಹಿಡಿದು ಎಬ್ಬಿಸಬೇಕು — 02/08 ಶೈಲಾ ಆಫ್, ಇದು ಫೆಬ್ರವರಿಯೋ ಆಗಸ್ಟೋ, ಫೆಬ್ರವರಿ, ಅವತ್ತು ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿಂದೆವು, ಸಿಪ್ಪೆಗಳನ್ನು ಅವಳು ಕರ್ಚೀಫಿನಲ್ಲಿ ಕಟ್ಟಿಕೊಂಡಳು, ಕೆರೆಗೆ ಹಾಕಬಾರದು ಅಂದಳು, ಕೆರೆಯ ತುಂಬ ನೊರೆಯೇ ಇತ್ತು, ಆದರೂ — 10.03 ಶೈಲಾ ಸೆಕೆಂಡ್ ಶಿಫ್ಟ್, ಇದು ಜರ್ಮನಿ, ಇರಲಿ, ಚುಕ್ಕಿ ತೆಗೆದು ಗೀಟು ಹಾಕು — ಇಸವಿ ಹೊತ್ತವನೇ, ಇಳಿಸು ಮುಂಡಾಸು. ಬೆರಳು ಜಾರುತ್ತಿದೆ, ತಿಂಗಳುಗಳು ಮೇಲಿನಿಂದ ಕೆಳಕ್ಕೆ ಅಕ್ಕಿಯ ಹಾಗೆ ಸುರಿಯುತ್ತಿವೆ, ಮಾರ್ಚಿ, ಏಪ್ರಿಲು, ಮೇ, ಹಿರಿಯರ ಗೊರಕೆ ಹಳಿಯ ಸದ್ದಿಗೆ ತಾಳ ಹಾಕುತ್ತಿದೆ, ಮಹಾಲಕ್ಷ್ಮಿ ದಾಟಿತು, ರಾಜಾಜಿನಗರ ದಾಟಿತು, ಮನೆಗಳ ಮಹಡಿಯ ಮೇಲೆ ಒಬ್ಬ ಹೆಂಗಸು ಹಪ್ಪಳ ಹರವುತ್ತಿದ್ದಾಳೆ, ಬಿಳಿ ಬಿಳಿ ದುಂಡನೆಯ ಹಪ್ಪಳ, ಅವೂ ತಾರೀಖುಗಳ ಹಾಗೇ ಸಾಲಾಗಿ — ಜೂನ್ ಯಾಕೆ ತೆರೆದುಕೊಂಡಿತು, ಜೂನಿನಲ್ಲಿ ನನ್ನದೇನೂ ಇಲ್ಲ, ಜೂನ್ ಇನ್ನೂ ಕೊಳ್ಳದ ಸೈಟಿನ ಹಾಗೆ ಖಾಲಿ ಇರಬೇಕು, ಆದರೆ ಐದನೇ ತಾರೀಖಿನ ಮೇಲೆ ಒಂದು ಸಣ್ಣ ಹಸಿರು ಪಟ್ಟಿ, ಒತ್ತಿದೆ. 6/5 ಹಾಲು. ಇದು ಖರೇ ತಾರೀಖು. ನಾನು ಖರೇ ಅಂತ ಎಂದೂ ಬರೆಯುವುದಿಲ್ಲ, ಬೆಂಗಳೂರಿಗೆ ಬಂದ ಮೇಲೆ ಆ ಮಾತೇ ಬಿಟ್ಟಿದ್ದೇನೆ. ಇದು ಶೈಲಾ ಬೆರಳು. ಬೊಮ್ಮಸಂದ್ರದ ಪ್ಲಾಟ್‌ಫಾರಮ್ಮಿನಲ್ಲಿ, ಹೋದ ತಿಂಗಳು, ನಾನು ಜಪಾನಿನವನಿಗೆ ಕಣ್ಣೀರು ತರಿಸಿದ ಕಥೆ ಹೇಳುತ್ತಿದ್ದಾಗ, ಕೊಡ್ರಿಲ್ಲೆ ಫೋನು ಅಂದಳು, ಬೆನ್ನು ತಿರುಗಿಸಿ ಏನೋ ಒತ್ತಿದಳು, ಏನು ಬರೆದಿ ಅಂದೆ, ಹೊತ್ತಿಗೆ ಅದೇ ಹೇಳತೈತಿ ಬಿಡ್ರಿ ಅಂದಳು, ರೈಲು ಬಂತು, ನಾನು ಕೈ ಬೀಸಿದೆ, ಮರೆತೆ. ಅವಳು ಆರನೇ ತಾರೀಖು ಐದನೇ ತಿಂಗಳು ಅಂತ ಬರೆದಿದ್ದಾಳೆ, ಎಲ್ಲರೂ ಬರೆಯುವ ಹಾಗೆ, ಫೋನು ನನ್ನ ಫೋನು, ಅಮೆರಿಕದ ಫೋನು, ಆರನೇ ತಿಂಗಳು ಐದನೇ ತಾರೀಖು ಎಂದು ಓದಿ ಹಾಲನ್ನು ಹೊತ್ತುಕೊಂಡು ಹೋಗಿ ಜೂನಿನಲ್ಲಿ ಇಟ್ಟು ತೆಪ್ಪಗೆ ಕೂತಿದೆ. ಹೊತ್ತಿಗೆ ಅದು ಹೇಳಲಿಲ್ಲ. ಅದು ಹೇಳುತ್ತಿದ್ದದ್ದು ಇನ್ನೊಂದು ತಿಂಗಳಿಗೆ, ಹಾಲು ಹೆಪ್ಪಾಗಿ ಮೊಸರಾಗಿ ಮಜ್ಜಿಗೆಯಾಗಿ ಮುಗಿದ ಮೇಲೆ.

ಆರನೇ ತಾರೀಖು ಇವತ್ತು. ತಡೆ, ಇವತ್ತೇ ಎಂದು ಯಾಕೆ ನಂಬಬೇಕು, ಖರೇ ತಾರೀಖು ಅಂತ ಬರೆದ ಮಾತ್ರಕ್ಕೆ ಖರೇ ಆಗುತ್ತದೆಯೇ, ನಾನು ದೇವರಾಜನಿಗೆ, ನಮ್ಮ ಮಷಿನ್ ಶಾಪಿನ ಫೋರ್‌ಮನ್‌ಗೆ, ವಾರಕ್ಕೊಂದು ಸಲ ಇದೇ ಕೊನೇ ತಾರೀಖು, ನನ್ನಾಣೆ ಅಂತ ಬರೆದು ಕಳಿಸುತ್ತೇನೆ, ಅವನು ಗಂಟಲ ತನಕ ನಗುತ್ತಾನೆ, ಗುರು, ನಿನ್ನ ಲಾಸ್ಟ್ ಡೇಟ್ ಕೆಳಗೆ ಇನ್ನೊಂದು ಲಾಸ್ಟ್ ಡೇಟ್ ಇರತ್ತೆ, ನೆಲಮಾಳಿಗೆ ಥರ, ಅದ್ರ ಕೆಳಗೆ ಪಾರ್ಕಿಂಗು, ಅಂತಾನೆ. ಶೈಲಾ ನನ್ನ ಶಿಷ್ಯೆ, ಶಿಷ್ಯೆಯೂ ನೆಲಮಾಳಿಗೆ ತೋಡಿರುತ್ತಾಳೆ, ನಿಜವಾದದ್ದು ಶುಕ್ರವಾರವೇ — ಶುಕ್ರವಾರ. ಶುಕ್ರವಾರ ಅಂದ ಕೂಡಲೇ ವಸಂತಮ್ಮನವರು, ನಲ್ಲಪ್ಪನವರ ಹೆಂಡತಿ, ಮನೆ ನೋಡಲು ಹೋದ ದಿನ ಜಗುಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದ ವಸಂತಮ್ಮನವರು, ಹೊಲ ಲೇಔಟಾದರೂ ಅವರೆಕಾಯಿ ಸುಲಿಯುವ ಕೈ ಹಾಗೇ, ಕಣ್ಣೆತ್ತದೆ ಹೇಳಿದರಲ್ಲ, ನೋಡಮ್ಮ, ಸುಕ್ರವಾರ ಮಾತ್ರ ಕೇಳಬ್ಯಾಡ, ಸುಕ್ರವಾರ ನಾನು ಮನೆಯಿಂದ ಒಂದು ಚಿಟಿಕೆ ಉಪ್ಪೂ ಆಚೆ ಕೊಡಾಕಿಲ್ಲ, ಇನ್ನು ಬೀಗದ ಕೈ ಕೊಡ್ತೀನಾ, ಬುದವಾರ ಇಟ್ಕೋ, ಅನ್ನೆರಡಕ್ಕೆ ರಾವುಕಾಲ ಕೂತ್ಕೊತದೆ, ಅಷ್ಟ್ರೊಳಗೆ ಆಲು ಉಕ್ಕಿಸ್ಬುಡು. ನಾನು ಅಲ್ಲೇ ನಿಂತಿದ್ದೆ. ಕೇಳಿಸಿಕೊಂಡಿದ್ದೆ. ಗೋಡೆಯ ತೇವ ಬೆರಳಿನಿಂದ ಪರೀಕ್ಷೆ ಮಾಡುವ ಗತ್ತಿನಲ್ಲಿದ್ದೆ. ಶುಕ್ರವಾರ ಆ ಮನೆಯಿಂದ ಕೀ ಆಚೆ ಬರುವುದಿಲ್ಲ, ಲೋಕ ತಲೆಕೆಳಗಾದರೂ ಬರುವುದಿಲ್ಲ, ಬುಧವಾರದ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಅದು ಬರೀ ಬುಧವಾರ, ಅವಳು ಬರೀ ಬುಧವಾರವನ್ನೇ ಹೇಳಿದಳು, ನಾನೇ ಅದಕ್ಕೆ ಎರಡು ದಿನ ತುಂಬಿದೆ. ಫೋನು ಮಾಡಿದೆ, ರಿಂಗು ಹೋಯಿತು, ಹೋಯಿತು, ಎತ್ತಲಿಲ್ಲ, ಲೈನಿನ ಮೇಲಿದ್ದರೆ ಫೋನು ಲಾಕರಿನಲ್ಲಿರುತ್ತದೆ, ರಜೆ ಹಾಕಿದ್ದರೆ ಫೋನು ಅವಳ ಪಕ್ಕದಲ್ಲೇ ಇರುತ್ತದೆ, ಪಕ್ಕದಲ್ಲೇ ಇದ್ದು ಎತ್ತುತ್ತಿಲ್ಲ, ಅಷ್ಟರಲ್ಲಿ ಹಳಿ ತಲೆ ತಗ್ಗಿಸಿತು, ಮನೆಗಳು ಮೇಲಕ್ಕೆ ಹೋದವು, ಕಿಟಕಿ ಕಪ್ಪಾಯಿತು, ಕಪ್ಪಿನಲ್ಲಿ ನನ್ನ ಮುಖ, ನನ್ನ ಹೆಗಲ ಮೇಲೆ ಇನ್ನೊಬ್ಬರ ಬಿಳಿ ತಲೆ, ಕರೆ ಕಡಿದುಹೋಯಿತು.

ಮೆಜೆಸ್ಟಿಕ್ಕಿನಲ್ಲಿ ಜನ ಇಳಿದರು, ಜನ ಹತ್ತಿದರು, ನಾನು ಏಳಲಿಲ್ಲ, ಸುರಂಗದೊಳಗೆ ತಂಪು, ದೀಪಗಳು ಒಂದಾದ ಮೇಲೊಂದು ಗಾಜಿನ ಮೇಲೆ ಹಾಯುತ್ತಿವೆ, ಬಿಳಿ, ಬಿಳಿ, ಬಿಳಿ, ಕಣ್ಣು ಮುಚ್ಚಿದರೆ ಅದೇ ಬಿಳಿ ಪಾತ್ರೆಯ ತಳದಿಂದ ಏಳುತ್ತಿದೆ, ಮೊದಲು ಅಂಚಿನ ಸುತ್ತ ಸಣ್ಣ ಗುಳ್ಳೆ, ಆಮೇಲೆ ನಡುವೆ ಒಂದು ಉಬ್ಬು, ಆಮೇಲೆ ಇಡೀ ಹಾಲು ಒಂದೇ ಮೈಯಾಗಿ ಮೇಲೆದ್ದು ಅಂಚು ದಾಟಿ ಒಲೆಯ ಮೇಲೆ, ಕಟ್ಟೆಯ ಮೇಲೆ, ಹೊಸಿಲು ದಾಟಿ ಚಂದಾಪುರದ ಬೀದಿಗೆ, ಹೊಸೂರು ರಸ್ತೆಯ ಲಾರಿಗಳ ಗಾಲಿ ಮುಳುಗಿ, ಮೆಟ್ರೋ ಕಂಬಗಳು ಮೊಣಕಾಲವರೆಗೆ ಹಾಲಿನಲ್ಲಿ ನಿಂತು, ಪೀಣ್ಯದ ಶೆಡ್ಡುಗಳು ಬಿಳಿಯ ಮೇಲೆ ತೇಲುವ ತಗಡಿನ ದೋಣಿಗಳಾಗಿ, ಎಲ್ಲ ಕಡೆಯೂ ಅವಳ ಹಾಲು, ನಾನೊಬ್ಬ ಮಾತ್ರ ಒಣಗಿದ ಜಾಗದಲ್ಲಿ. ಚಿಕ್ಕಪೇಟೆ ಅಂತ ಮೆಟ್ರೋದ ಹೆಣ್ಣುದನಿ ಹೇಳಿತು, ಹಿತ್ತಾಳೆ ಪಾತ್ರೆಗಳು ಮೇಲೆ ಎಲ್ಲೋ ಹೊಳೆಯುತ್ತಿರಬೇಕು, ಹೊಳೆಯಲಿ. ಅವಳಿಗೆ ಏನು ಬರೆಯಲಿ. ಬಂದೆ ಅಂತ ಬರೆದೆ, ಅಳಿಸಿದೆ, ಬೊಮ್ಮಸಂದ್ರ ಮುಟ್ಟಿದೆ ಅಂತ ಬರೆದೆ, ಅಳಿಸಿದೆ, ಲಾರಿ ಇನ್ನೂ ಲೋಡಾಗುತ್ತಿರುವಾಗಲೇ ಗಾಡಿ ತುಮಕೂರು ದಾಟಿತು ಸಾರ್ ಅನ್ನುವ ಬಾಯಿ ಇದು, ಅವಳಿಗೆ ಈ ಬಾಯಿಯ ನಕ್ಷೆಯೇ ಗೊತ್ತು, ನಾನು ದಾಟಿದೆ ಅಂದರೆ ಇನ್ನೂ ಹೊರಟಿಲ್ಲ ಎಂದು ಓದುತ್ತಾಳೆ, ಬಂದೆ ಅಂದರೆ ಬರುವುದೇ ಇಲ್ಲ ಎಂದು ಒಬ್ಬಳೇ ಒಲೆ ಹಚ್ಚಿಬಿಡುತ್ತಾಳೆ. ಕೊನೆಗೆ ಬರೆದೆ, ಈಗ ಚಿಕ್ಕಪ್ಯಾಟಿ ಸುರಂಗದಾಗ ಅದೀನಿ, ನಾ ಶುಕ್ರವಾರ ಅಂದ್ಕೊಂಡಿದ್ದೆ, ಹನ್ನೆರಡರೊಳಗ ಮುಟ್ಟೂದು ಕಷ್ಟ ಐತಿ. ಒತ್ತಿ ಕಳಿಸಿದೆ, ಅಭ್ಯಾಸವಿಲ್ಲದ ಕೆಲಸ, ಪೀಣ್ಯ ಕೈಗಾರಿಕಾ ಪ್ರದೇಶ ಹುಟ್ಟಿದಾಗಿನಿಂದ ಅಲ್ಲಿನ ಯಾವ ಡಿಸ್‌ಪ್ಯಾಚಿನವನೂ ಇಷ್ಟು ಬೆತ್ತಲೆಯಾದ ಸತ್ಯವನ್ನು ಯಾರಿಗೂ ಕಳಿಸಿಲ್ಲ, ಬೇಕಾದರೆ ಕಲ್ಲಿನಲ್ಲಿ ಕೆತ್ತಿಸಬಹುದು. ಒಂದೇ ಗೀಟು ಬಿತ್ತು, ಹೋಗಿದೆ, ಅವಳಿಗೆ ಇನ್ನೂ ಮುಟ್ಟಿಲ್ಲ. ಸುರಂಗ ಮುಗಿದು ಬೆಳಕು ಬಂದು ಲಾಲ್‌ಬಾಗು ಮುಟ್ಟಿದಾಗ ಹಿರಿಯರು ಎಚ್ಚರಾಗಿ, ಯಾವ್ ಸ್ಟೇಷನ್ ಸಾರ್ ಅಂದರು, ಹೇಳಿದೆ, ಅಯ್ಯೋ ನಾನು ಯಶವಂತಪುರದಲ್ಲಿ ಇಳೀಬೇಕಿತ್ತಲ್ಲ ಅಂದರು, ಎಬ್ಬಿಸಬಾರದಾ ಸಾರ್ ಅಂದರು, ಅವರನ್ನು ನೋಡಿ ನನಗೆ ಒಡಹುಟ್ಟಿದವನನ್ನು ಕಂಡ ಹಾಗಾಯಿತು.

ಆರ್.ವಿ. ರಸ್ತೆಯಲ್ಲಿ ಇಳಿದು ಬೊಮ್ಮಸಂದ್ರದ ಹಳದಿ ಮಾರ್ಗದ ಕಡೆಗೆ ನಾನು ಓಡಿದ ಓಟಕ್ಕೆ ಗಾಳಿಗೆ ಏದುಸಿರು ಬಂದಿರಬೇಕು, ಓಡಿ ಪ್ರಯೋಜನವಿಲ್ಲ, ರೈಲು ಇನ್ನೂ ಬರಬೇಕು, ನಿಂತೆ, ಬಂತು, ಹತ್ತಿದೆ, ಸಿಲ್ಕ್ ಬೋರ್ಡಿನ ಮೇಲೆ ಕೆಳಗಿನ ವಾಹನಗಳು ಅಂಟು ಮಿಠಾಯಿಗೆ ಮೆತ್ತಿದ ಇರುವೆಗಳು, ನಾನು ಆಕಾಶದಲ್ಲಿ, ಅಲ್ಲಿ ಎರಡನೇ ಗೀಟು ಬಿತ್ತು, ಬೊಮ್ಮನಹಳ್ಳಿಯಲ್ಲಿ ಎರಡೂ ನೀಲಿಯಾದವು, ಓದಿದಳು, ಓದಿ ಏನೂ ಬರೆಯಲಿಲ್ಲ, ಕೂಡ್ಲು ಗೇಟಿನಲ್ಲಿ ಏನೂ ಇಲ್ಲ, ಹೊಸ ರೋಡಿನಲ್ಲಿ ಏನೂ ಇಲ್ಲ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಬಿಸಿಲನ್ನು ಒಂದರಿಂದೊಂದಕ್ಕೆ ಎಸೆದಾಡುತ್ತಿವೆ, ಇಷ್ಟರಲ್ಲಿ ಯಾವುದೋ ಒಂದರ ಒಳಗೆ ಅವಳ ಖಾಲಿ ಕುರ್ಚಿ, ಅಥವಾ ಖಾಲಿ ಅಲ್ಲ, ಅವಳೇ ಕೂತಿದ್ದಾಳೆ, ಹಾಲು ಉಕ್ಕಿಸಿ ಮುಗಿಸಿ ಕೆಲಸಕ್ಕೆ ಬಂದು ಕೂತಿದ್ದಾಳೆ, ಅಂಚಿನ ಸುತ್ತ ಸಣ್ಣ ಗುಳ್ಳೆ, ನಡುವೆ ಒಂದು ಉಬ್ಬು. ಬೊಮ್ಮಸಂದ್ರದಲ್ಲಿ ಆಟೊದವನು, ಚಂದಾಪುರ ಸರ್ಕಲ್ ಫುಲ್ ಜಾಮ್ ಸಾರ್, ಈ ಟೈಮಲ್ಲಿ ಯಾರ್ ಬರ್ತಾರೆ ಅಂದ, ಹಾಲು ಉಕ್ಕಿಸ್ಬೇಕು ಅಣ್ಣ, ಹನ್ನೆರಡರೊಳಗೆ ಅಂದೆ, ಹೊಸ ಮನೇನಾ, ಮೊದ್ಲೇ ಹೇಳದಲ್ವಾ, ಹೆಂಡ್ತಿ ಎಲ್ಲಿ ಅಂದ, ಹೆಂಡ್ತಿ ಅಲ್ಲಿ, ನಾನು ಇಲ್ಲಿ ಅಂದೆ, ಅವನು ಗಾಡಿ ತಿರುಗಿಸಿ ಹಿಂದಿನ ಓಣಿಗಳಲ್ಲಿ ಹಂದಿ ಕೋಳಿ ಮಕ್ಕಳ ಸೈಕಲ್ಲು ಎಲ್ಲವನ್ನೂ ಚದುರಿಸಿಕೊಂಡು ಹೋದ, ಬೀದಿ ತುದಿಯಲ್ಲಿ ನಿಲ್ಲಿಸಿದ, ಹಸಿ ಸುಣ್ಣದ ವಾಸನೆ, ನಲ್ಲಪ್ಪನವರ ಗೇಟು, ಗೇಟಿನಲ್ಲಿ ಸೊಂಟಕ್ಕೆ ಕೈಯಿಟ್ಟು ವಸಂತಮ್ಮನವರು. ಬಂದ್ಯಾ ಮಾರಾಯ, ಅಂದರು, ಏನು ಎಂಡ್ತಿ ಕಟ್ಕೊಂಡಿದೀಯೋ ನೀನು, ಆಗಿಂದ ಇಂಗೇ ಮಾಡ್ತಾವ್ಳೆ, ಉಕ್ಕಾಕೆ ಬಂದ್ರೆ ನೀರು ಚುಮುಕಿಸ್ತಾಳೆ, ಉಕ್ಕಾಕೆ ಬಂದ್ರೆ ನೀರು ಚುಮುಕಿಸ್ತಾಳೆ, ಒಲೆ ಆರಿಸಮ್ಮ ಅಂದ್ರೆ ಸುರು ಮಾಡಿದ್ ಮ್ಯಾಲೆ ಆರಿಸ್ಬಾರ್ದು ಅಂತಾಳೆ, ಅರ್ಧ ಆಲು ಅರ್ಧ ನೀರಾಗೋಯ್ತು, ರಾವುಕಾಲ ಬಾಗಿಲಿಗೆ ಬಂದೈತೆ, ವೋಗು ಒಳಕ್ಕೆ. ಚಪ್ಪಲಿ ಎಲ್ಲಿ ಬಿಟ್ಟೆನೋ. ಖಾಲಿ ಮನೆ, ನನ್ನ ಹೆಜ್ಜೆಯ ಸದ್ದು ನನಗಿಂತ ಮೊದಲು ಅಡುಗೆಮನೆ ಮುಟ್ಟಿತು, ಅವಳು ತಿರುಗಲಿಲ್ಲ, ನೆಲದ ಮೇಲೆ ಸಣ್ಣ ಒಲೆ, ಚಹಾ ಕಾಸುವಂಥ ಸಣ್ಣ ಪಾತ್ರೆ, ಪಕ್ಕದಲ್ಲಿ ನೀರಿನ ಲೋಟ, ಲೋಟದೊಳಗೆ ಅವಳ ಬೆರಳು, ತುದಿಗಳು ನೆನೆದು ಮಡಿಕೆ ಬಿದ್ದಿವೆ, ಹತ್ತಿರ ಕೂತೆ, ಚಿಕ್ಕಪ್ಯಾಟಿ ಅಂತ ಬರೆದಿದ್ರಲ್ಲ, ಅದಕ್ಕ ನಂಬಿದೆ, ಅಂದಳು, ಪಾತ್ರೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಹಾಲು ಮತ್ತೆ ಏಳುತ್ತಿದೆ, ಅಂಚಿನ ಸುತ್ತ ಗುಳ್ಳೆ, ನಡುವೆ ಉಬ್ಬು, ಅವಳು ಲೋಟದಿಂದ ಬೆರಳು ತೆಗೆದಳು, ಲೋಟವನ್ನು ದೂರ ಸರಿಸಿದಳು, ಬಿಳಿ ಮೇಲೆ ಬರುತ್ತಿದೆ, ಅಂಚಿಗೆ ಬಂತು, ಅಂಚಿಗಿಂತ ಮೇಲೆ ದುಂಡಗೆ ಎದ್ದು ನಿಂತಿದೆ, ಬಿಳಿ, ತುಂಬಿದ, ನಡುಗುವ ಬಿಳಿ, ಇನ್ನೂ ಬಿದ್ದಿಲ್ಲ, ಅಂಚಿನ ಮೇಲೆ ಬಿಳಿ